ಗ್ರಂಥಪಾಲಕನ ಮೊದಲ ಮಳೆಗಾಲ

(ನಮ್ಮ ವಾಚನಾಲಯದ ವಾರ್ಷಿಕ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಅಡಕೆಯ ಕೊಳೆರೋಗದ ಕುರಿತು ಮಾತನಾಡಿರೆಂದರೆ ನಾನು ಟಿಪ್ಪಣಿಯ ಚೀಟಿಯೂ ಇಲ್ಲದೆ ಎರಡು ತಾಸು ಮಾತನಾಡಬಲ್ಲೆ. ಎದುರಿಗಿದ್ದವರು ಎದ್ದು ಹೋದರೂ ನಿಲ್ಲಿಸಲಾರೆ. ಆದರೆ ಇಂದು ನನ್ನನ್ನು ಇಲ್ಲಿ ನಿಲ್ಲಿಸಿರುವುದು ಸಸ್ಯರೋಗ ವಿಜ್ಞಾನಿಯೆಂದಲ್ಲ, ಈ ವಾಚನಾಲಯದ ಒಂದು ವರ್ಷ ಪ್ರಾಯದ ಗ್ರಂಥಪಾಲಕನೆಂದು. ಈ ಪದವಿ ನನಗೆ ದೊರೆತ ಬಗೆ ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ಇದುವರೆಗೆ ನೋಡಿಕೊಳ್ಳುತ್ತಿದ್ದ ಮೇಷ್ಟರು ಮಗನ ಮನೆಗೆಂದು ಬೆಂಗಳೂರಿಗೆ ಹೊರಟರು. ಮುಂದೆ ಯಾರೆಂದು ತೀರ್ಮಾನಿಸುವ ಸಭೆಗೆ ನಾನು ಅರ್ಧ ಗಂಟೆ ತಡವಾಗಿ ಬಂದೆ. ಬಂದು ಕೂರುವಷ್ಟರಲ್ಲಿ ಬೀಗದ ಕೈ ನನ್ನ ಮುಂದಿತ್ತು. "ನೀವು ಡಾಕ್ಟರೇಟ್ ಮಾಡಿದವರು, ಪುಸ್ತಕದ ಸಂಗತಿ ನಿಮಗೆ ತಿಳಿಯದೆ?" ಎಂಬುದು ಸಭೆಯ ವಾದ. ಡಾಕ್ಟರೇಟ್ ಮಾಡಿದವರಿಗೆ ಒಂದು ಪುಸ್ತಕದ ಒಂದು ಅಧ್ಯಾಯ ಮಾತ್ರ ಚೆನ್ನಾಗಿ ತಿಳಿದಿರುತ್ತದೆಂಬ ಗುಟ್ಟನ್ನು ಅಂದು ನಾನು ಬಿಟ್ಟುಕೊಡಲಿಲ್ಲ.

ಸಮಾಧಾನಕ್ಕೆ ಎಸ್. ಆರ್. ರಂಗನಾಥನ್ ಅವರ ಬದುಕನ್ನು ಓದಿಕೊಂಡೆ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಅವರು ಮೂಲತಃ ಗಣಿತದ ಅಧ್ಯಾಪಕರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ ಬಂದವರಿಗೆ ಕೆಲವೇ ದಿನಗಳಲ್ಲಿ ಬೇಸರ ಹತ್ತಿ, ಪಾಠ ಹೇಳುವ ಕೆಲಸಕ್ಕೇ ಮರಳುತ್ತೇನೆಂದು ಹಟ ಹಿಡಿದರಂತೆ. ಅವರನ್ನು ತರಬೇತಿಗೆಂದು ಇಂಗ್ಲೆಂಡಿಗೆ ಕಳುಹಿಸಿದರು. ಮರಳಿ ಬಂದವರು ಮತ್ತೆ ಆ ಮಾತೆತ್ತಲಿಲ್ಲ. ನನಗೂ ಬೇಸರ ಹತ್ತಿತ್ತು. ಆದರೆ ನಮ್ಮ ಕೂಟದ ಬಳಿ ಇದ್ದ ಹಣದಲ್ಲಿ ನನ್ನನ್ನು ಶಿವಮೊಗ್ಗದವರೆಗೆ ಕಳುಹಿಸಬಹುದಿತ್ತು, ಅದೂ ಒಂದು ಕಡೆಯ ಬಸ್ ಚಾರ್ಜು ಕೊಟ್ಟು.

ಮೊದಲ ಪೇಚಾಟ ವರ್ಗೀಕರಣದ್ದು. 1876ರಲ್ಲಿ ಡ್ಯೂಯಿ ಎಂಬ ಅಮೆರಿಕದ ಗ್ರಂಥಪಾಲಕ ಹೊರತಂದ ದಶಮಾಂಶ ಪದ್ಧತಿಯಲ್ಲಿ ಸಸ್ಯಗಳಿಗೆ 580, ಕೃಷಿಗೆ 630, ಅಡುಗೆಗೆ 641 ಎಂಬ ಸಂಖ್ಯೆಗಳಿವೆ. ನನ್ನ ಕೈಗೆ ಬಂದ ಮೊದಲ ಪುಸ್ತಕವೇ ಹಲಸಿನ ಹಣ್ಣಿನದು. ಅದರಲ್ಲಿ ಮರದ ವರ್ಣನೆಯಿದೆ, ಕಸಿ ಕಟ್ಟುವ ವಿಧಾನವಿದೆ, ಹಪ್ಪಳ ಮಾಡುವ ಕ್ರಮವಿದೆ, ಹೆಚ್ಚು ತಿಂದರೆ ಮಾಡಬೇಕಾದ ಮದ್ದೂ ಇದೆ. ಎಲ್ಲಿಡಲಿ? ಇದೇ ಬಗೆಯ ಪೇಚಿಗೆ ಸಿಕ್ಕ ರಂಗನಾಥನ್ ಅವರಿಗೆ ಲಂಡನ್ನಿನ ಅಂಗಡಿಯೊಂದರಲ್ಲಿ ಮಕ್ಕಳ ಜೋಡಣೆಯ ಆಟಿಕೆ ಕಂಡು, ವಿಷಯವನ್ನೂ ಬಿಡಿ ತುಂಡುಗಳಾಗಿ ಜೋಡಿಸಬಹುದೆಂದು ಹೊಳೆಯಿತಂತೆ. ಅದರಿಂದ ಹುಟ್ಟಿದ್ದು 1933ರ ಅವರ ಕೋಲನ್ ಪದ್ಧತಿ. ನನಗೆ ದಾರಿ ತೋರಿಸಿದ್ದು ಆಟಿಕೆಯಲ್ಲ, ನಾಟಿವೈದ್ಯದ ನಮ್ಮ ಅಜ್ಜಿ. ಕುಂಟುತ್ತ ಬಂದು ನನ್ನ ಪರದಾಟವನ್ನು ಒಂದು ಗಳಿಗೆ ನೋಡಿ, "ಹಲಸಿನ ಕಾಲದಲ್ಲಿ ಬಾಗಿಲ ಹತ್ತಿರ ಇಡು, ಮುಗಿದ ಮೇಲೆ ಒಳಗಿಡು" ಎಂದರು. ಅಂದಿನಿಂದ ಬಾಗಿಲ ಬಳಿಯ ಮೇಜು ಮಳೆನಕ್ಷತ್ರಕ್ಕೆ ತಕ್ಕಂತೆ ಬದಲಾಗುತ್ತದೆ. ಮೃಗಶಿರೆಗೆ ಬೋರ್ಡೋ ದ್ರಾವಣದ ಕೈಪಿಡಿ, ಆರಿದ್ರೆಗೆ ಗದ್ದೆಯ ಪುಸ್ತಕಗಳು. ಪುಷ್ಯದ ಮಳೆಗೆ ಕಾದಂಬರಿ. ಆಗ ಯಾರೂ ಮನೆಬಿಟ್ಟು ಹೊರಡಲಾರರು.

ಎರಡನೆಯ ಪೇಚಾಟ ಗಡುವಿನದು. ಹದಿನೈದು ದಿನದಲ್ಲಿ ಪುಸ್ತಕ ಮರಳಿಸಬೇಕೆಂದು ನಾನು ದಪ್ಪಕ್ಷರದಲ್ಲಿ ಬರೆದು ಅಂಟಿಸಿದೆ. ಆಷಾಢದಲ್ಲಿ ಹಳ್ಳ ಏರಿ ಸಂಕ ಕೊಚ್ಚಿಹೋಯಿತು. ಆಚೆ ದಡದ ಓದುಗರೊಬ್ಬರು ಅಲ್ಲಿಂದಲೇ ಕೂಗಿ, "ಪುಸ್ತಕ ಓದಿ ಮುಗಿದಿದೆ, ಎಸೆಯಲೇ?" ಎಂದು ಕೇಳಿದರು. ಅಂದಿನಿಂದ ಆಚೆ ದಡದವರ ಚೀಟಿಯಲ್ಲಿ ಗಡುವಿನ ಜಾಗದಲ್ಲಿ "ಸಂಕ ಹಾಕಿದ ಮೇಲೆ" ಎಂದು ಬರೆಯುತ್ತಿದ್ದೇವೆ.

ಗೆದ್ದಲಿನ ಕಥೆಯನ್ನು ಹೇಳದೆ ಬಿಡಲಾರೆ. ನಮ್ಮ ಹುತ್ತದ ಗೆದ್ದಲು ಕಟ್ಟಿಗೆ, ದರಕು, ಕಾಗದಗಳನ್ನು ಅಗಿದು ಗೂಡಿಗೊಯ್ದು, ಅದರ ಮೇಲೆ ಒಂದು ಬಗೆಯ ಶಿಲೀಂಧ್ರವನ್ನು ಕೃಷಿ ಮಾಡುತ್ತದೆ. ಮಳೆ ಹಿಡಿದ ಮೇಲೆ ಹುತ್ತದ ಬಳಿ ಏಳುವ, ನಾವು ಮುಗಿಬಿದ್ದು ಕೀಳುವ ಅಣಬೆ ಅದೇ ತೋಟದ ಫಸಲು. ಹಿಂಗೋಡೆಯ ಕಪಾಟಿನ ಕೆಳಸಾಲಿನಲ್ಲಿದ್ದ ಹಳೆಯ ಕಾನೂನು ಪುಸ್ತಕಗಳು ವೈಶಾಖದಲ್ಲಿ ಮಾಯವಾದವು. ಆಷಾಢದಲ್ಲಿ ಅದೇ ಗೋಡೆಯಾಚೆ ಹೇರಳ ಅಣಬೆ. ಅಂದಿನ ಪಲ್ಯ ಉಂಡವರೆಲ್ಲರೂ ಭೂಸುಧಾರಣಾ ಕಾಯಿದೆಯನ್ನು ಜೀರ್ಣಿಸಿಕೊಂಡರೆಂದು ನಾನು ದಾಖಲೆಯಲ್ಲಿ ಬರೆದುಕೊಂಡಿದ್ದೇನೆ.

ಇನ್ನು ಹೇಳಬೇಕಾದುದು ಅಷ್ಟು ಸುಲಭದ್ದಲ್ಲ.

ನಿವೃತ್ತ ಅಂಚೆಯಣ್ಣನನ್ನು ನೀವೆಲ್ಲ ಬಲ್ಲಿರಿ. ಬೀಗದ ಕೈ ನನ್ನಲ್ಲಿದ್ದರೂ ವಾಚನಾಲಯ ನಡೆಯುವುದು ಅವರ ಕಾಲಿನ ಮೇಲೆ. ಯಾವ ಕೇರಿಯ ಯಾವ ಮನೆಯಲ್ಲಿ ಯಾರು ಏನು ಓದುತ್ತಾರೆಂಬುದು ಅವರಿಗೆ ಬಾಯಿಪಾಠ. ಹೆಗಲ ಚೀಲದಲ್ಲಿ ಪುಸ್ತಕ ಹಾಕಿಕೊಂಡು ತಾವೇ ಕೊಟ್ಟು ಬರುತ್ತಾರೆ. 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯ ಕಡೆ ಎತ್ತಿನಗಾಡಿಯಲ್ಲಿ ಪುಸ್ತಕ ಹೇರಿಕೊಂಡು ಹಳ್ಳಿಗಳಿಗೆ ಹೋಗುವ ಗ್ರಂಥಾಲಯ ಶುರುವಾಗಿತ್ತು. ನಮ್ಮಲ್ಲಿ ಎತ್ತೂ ಇಲ್ಲ, ಗಾಡಿ ಹೋಗುವ ದಾರಿಯೂ ಇಲ್ಲ, ಅಂಚೆಯಣ್ಣನಿದ್ದಾರೆ. ಅವರಲ್ಲಿ ನಾನು ಕಂಡ ದೋಷ ಒಂದೇ: ದಾಖಲೆ ಪುಸ್ತಕದಲ್ಲಿ ಬರೆಯುವುದಿಲ್ಲ.

ಕೆಳಕೇರಿಯ ಹಿರಿಯ ತೋಟಿಗರೊಬ್ಬರು ತೀರಿಕೊಂಡ ಬಳಿಕ ಅವರ ಹೆಂಡತಿ ಒಂದು ನೋಟುಪುಸ್ತಕದ ಕಟ್ಟನ್ನು ನಮಗೆ ಕೊಟ್ಟಿದ್ದರು. 1981ರಿಂದ 2009ರವರೆಗೆ ದಿನವೂ ಬೆಳಿಗ್ಗೆ ಎಂಟೂವರೆಗೆ ಅಳೆದ ಮಳೆಯ ಲೆಕ್ಕ. ಜೊತೆಗೆ ಮೊದಲ ಸಿಂಪರಣೆ ಎಂದು, ಕೊಳೆ ಕಂಡದ್ದು ಎಂದು, ಉದುರಿದ ಕಾಯಿ ಎಷ್ಟೆಂಬ ಟಿಪ್ಪಣಿ. 1910ರಲ್ಲಿ ಮೈಸೂರು ಸಂಸ್ಥಾನದ ಕೋಲ್‌ಮನ್ ಅವರು ಕೊಳೆರೋಗದ ಬಗ್ಗೆ ತಮ್ಮ ಪ್ರಕಟಣೆ ಹೊರತಂದಂದಿನಿಂದ ನಾವು ವಿಜ್ಞಾನಿಗಳು ಮಳೆಗೂ ಕೊಳೆಗೂ ಇರುವ ನಂಟನ್ನು ಬರೆಯುತ್ತಲೇ ಇದ್ದೇವೆ. ಒಂದೇ ತೋಟದ ಇಪ್ಪತ್ತೊಂಬತ್ತು ವರ್ಷಗಳ ಲೆಕ್ಕ ನನ್ನ ಸೇವಾವಧಿಯಲ್ಲಿ ಕೈಗೆ ಸಿಕ್ಕಿರಲಿಲ್ಲ.

ಒಂದು ದಿನ ಆ ಕಟ್ಟಿನಲ್ಲಿ ಕೆಲವು ಪುಸ್ತಕಗಳಿಲ್ಲದ್ದು ಕಂಡಿತು. ಅಂಚೆಯಣ್ಣ ಅದನ್ನು ಪದವಿ ಓದುತ್ತಿರುವ ಹುಡುಗಿಯೊಬ್ಬಳಿಗೆ ಕೊಟ್ಟಿದ್ದರು, ಎಂದಿನಂತೆ ದಾಖಲೆಯಿಲ್ಲದೆ. ಪುಸ್ತಕಗಳು ಮರಳಿ ಬಂದವು. ಆದರೆ ನಾನು ಹತ್ತು ಜನರ ಮುಂದೆ ಅಂಚೆಯಣ್ಣನಿಗೆ ಆಡಬಾರದ ಮಾತನಾಡಿದೆ. ಅವರು ಚೀಲವನ್ನು ಗೂಟಕ್ಕೆ ತೂಗುಹಾಕಿ ಹೊರಟುಹೋದರು. ನಾನು ಉಕ್ಕಿನ ಕಪಾಟೊಂದನ್ನು ಕೊಂಡು, ಕಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ಒಳಗಿಟ್ಟು ಬೀಗ ಜಡಿದೆ. ಅಂದು ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಗಾಳಿಯ ತೇವಾಂಶ ಶೇಕಡಾ 65-70ನ್ನು ದಾಟಿ ಬಹುದಿನ ನಿಂತರೆ ಕಾಗದದ ಮೇಲೆ ಬೂಷ್ಟು ಬೆಳೆಯುತ್ತದೆ. ಗಾಳಿಯಾಡದ ಜಾಗದಲ್ಲಿ ಬೇಗ ಬೆಳೆಯುತ್ತದೆ. ಒದ್ದೆ ಅಡಕೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿರೆಂದು ನಾನೇ ನಿಮಗೆ ಎಷ್ಟು ಸಲ ಉಪದೇಶಿಸಿಲ್ಲ! ಆಶ್ಲೇಷೆಯ ಮಳೆಯಲ್ಲಿ ಕಪಾಟು ತೆರೆದಾಗ ಶಾಯಿಯೆಲ್ಲ ಹರಡಿ, ಹಾಳೆಗಳು ಒಂದಕ್ಕೊಂದು ಅಂಟಿ, ಮೇಲೆ ಹಸಿರು ತುಪ್ಪಳ ಕೂತಿತ್ತು. ಆ ಶಿಲೀಂಧ್ರದ ಕುಲಗೋತ್ರ ಹೇಳಬಲ್ಲವನು ಈ ಸೀಮೆಯಲ್ಲಿ ನಾನೊಬ್ಬನೇ ಇದ್ದೆ; ಅದರಿಂದ ಏನೂ ಪ್ರಯೋಜನವಾಗಲಿಲ್ಲ. ಶೈತ್ಯದಲ್ಲಿಟ್ಟರೆ ಬೂಷ್ಟಿನ ಬೆಳವಣಿಗೆ ನಿಲ್ಲುತ್ತದೆಂದು ನೆನಪಾಗಿ ಬಸ್ ನಿಲ್ದಾಣದ ಅಂಗಡಿಗೆ ಓಡಿದೆ. ಅಂಗಡಿಯ ಗೆಳೆಯರು ಮರುಮಾತಿಲ್ಲದೆ ಐಸ್‌ಕ್ರೀಂ ಪೆಟ್ಟಿಗೆ ಖಾಲಿ ಮಾಡಿಕೊಟ್ಟರು. ಅದರಲ್ಲಿದ್ದುದನ್ನೆಲ್ಲ ಅಂದು ಶಾಲೆಯ ಮಕ್ಕಳು ತಿಂದರು. ಬಿಲ್ಲು ನನಗೆ ಇನ್ನೂ ಬಂದಿಲ್ಲ. ಆಮೇಲೆ ಒಂದೊಂದನ್ನೇ ತೆಗೆದು ಒತ್ತುಕಾಗದವಿಟ್ಟು ನೆರಳಲ್ಲಿ ಒಣಗಿಸಿದೆವು. ಹಾಳೆಗಳು ಬಿಡಿಸಿಕೊಂಡವು, ಅಕ್ಷರಗಳು ಬಹುಮಟ್ಟಿಗೆ ಹೋಗಿದ್ದವು.

ಸುದ್ದಿ ತಿಳಿದು ಆ ಹುಡುಗಿ ಬಂದಳು. ಕಾಲೇಜಿನ ಪ್ರಬಂಧಕ್ಕೆಂದು ತಾನು ಒಯ್ದಿದ್ದ ಪುಸ್ತಕಗಳನ್ನು, 1990ರಿಂದ 2000ದವರೆಗಿನ ಹನ್ನೊಂದು ವರ್ಷಗಳ ಲೆಕ್ಕವನ್ನು, ಒಂದಂಕಿಯೂ ಬಿಡದೆ ನಕಲು ಮಾಡಿಕೊಂಡಿದ್ದಳು. ಉಳಿದುದು ಅಷ್ಟೇ, ನಾನು ಯಾವುದಕ್ಕಾಗಿ ಅಂಚೆಯಣ್ಣನನ್ನು ಬೈದಿದ್ದೆನೋ ಅದೇ.

ಆ ಸಂಜೆ ಮೊದಲು ಅಂಚೆಯಣ್ಣನ ಮನೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು, "ಚೀಲ ಗೂಟದಲ್ಲೇ ಇದೆಯೋ, ಅದಕ್ಕೂ ಬೂಷ್ಟು ಬಂತೋ?" ಎಂದು ಕೇಳಿದರು. ಬಳಿಕ ಮೂವರೂ ಕೂಡಿ ಕೆಳಕೇರಿಗೆ ಇಳಿದೆವು. ಆ ತಾಯಿ ನನ್ನ ತಪ್ಪೊಪ್ಪಿಗೆಯನ್ನು ಕೊನೆಯವರೆಗೂ ಕೇಳಿ, "ತೊಂಬತ್ತನಾಲ್ಕು ಉಳಿದಿದೆಯೇ?" ಎಂದರು. ಹುಡುಗಿ ಆ ವರ್ಷದ ಮಳೆಯನ್ನು ಓದತೊಡಗಿದಳು. ಪುನರ್ವಸುವಿನ ಒಂದು ವಾರಕ್ಕೆ ಬಂದಾಗ ಅವರು ಕೈಯೆತ್ತಿ ತಡೆದು, "ಆ ವಾರ ಅಳೆದದ್ದು ಅವರಲ್ಲ, ನಾನು. ಅವರು ಜ್ವರ ಬಂದು ಮಲಗಿದ್ದರು. ಮಳೆಗಾಲದಲ್ಲಿ ಬಹಳ ದಿನ ನಾನೇ ಅಳೆದಿದ್ದೇನೆ, ಬರೆದದ್ದು ಮಾತ್ರ ಅವರು" ಎಂದರು. ಹುಡುಗಿ ಪೆನ್ಸಿಲಿನಲ್ಲಿ ಅಂಚಿನಲ್ಲಿ ಅದನ್ನು ಬರೆದುಕೊಂಡಳು. ಮಾಸಿದ ವರ್ಷಗಳಲ್ಲಿ ಯಾವಾಗ ಕೊಳೆ ಹೆಚ್ಚಿತ್ತು, ಯಾವ ಮಳೆಗೆ ಧರೆ ಕುಸಿಯಿತು ಎಂದು ಅವರಿಗೆ ನೆನಪಿದ್ದಷ್ಟನ್ನು ಭಾನುವಾರಗಳಂದು ಹೇಳಿಸಿಕೊಂಡು ಬರೆಯುತ್ತಿದ್ದೇವೆ. ಅಂಕಿಗಳು ಮರಳಲಾರವು.

ಕಪಾಟಿನಲ್ಲಿ ಈಗ ಓದುಗರ ಕೊಡೆಗಳನ್ನು ಇಡುತ್ತೇವೆ. ಅದರ ಬೀಗದ ಕೈ ಅಂಚೆಯಣ್ಣನ ಬಳಿ ಇದೆ; ಎಲ್ಲಿಟ್ಟಿದ್ದೇನೆಂದು ಅವರಿಗೆ ನೆನಪಿಲ್ಲವಂತೆ.