ಸೆರೆಮನೆಯಲ್ಲಿರುವ ನಮ್ಮ ಸೋದರಿಯರು

(ಚಾಂದ್‌ಖೇಡಾದಲ್ಲಿ ಸೇರಿದ್ದ ಕನ್ನಡ ಕಾರ್ಮಿಕ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣ)



ನಾವು ಸೇರಿರುವ ಈ ಚಾಂದ್‌ಖೇಡಾಕ್ಕೆ ಸಾಬರಮತಿಯ ಸೆರೆಮನೆ ದೂರವಲ್ಲ. 1922ರಲ್ಲಿ ಗಾಂಧೀಜಿಯವರನ್ನು ಇಟ್ಟಿದ್ದ ಸ್ಥಳವೆಂದು ಅದನ್ನು ಮಕ್ಕಳಿಗೆ ತೋರಿಸುತ್ತೇವೆ. ಆ ಗೋಡೆಗಳ ಒಳಗೆ ಇಂದು ಹೆಣ್ಣುಮಕ್ಕಳೂ ಇದ್ದಾರೆಂಬುದು ಮಾತ್ರ ನಮ್ಮ ನೆನಪಿಗೆ ಬರುವುದಿಲ್ಲ.

ಕನ್ನಡಿಗರಾದ ನಾವು ಮರೆಯಬಾರದ ಹೆಸರೊಂದಿದೆ: ಸ್ನೇಹಲತಾ ರೆಡ್ಡಿ. 1970ರ 'ಸಂಸ್ಕಾರ' ಚಿತ್ರದಲ್ಲಿ ಚಂದ್ರಿಯ ಪಾತ್ರ ವಹಿಸಿದವರು. ತುರ್ತು ಪರಿಸ್ಥಿತಿಯ ಕಾಲದಲ್ಲಿ, ಇದೇ ಗುಜರಾತಿನ ಬರೋಡಾ ಡೈನಮೈಟ್ ಪ್ರಕರಣದ ಸಂಬಂಧವಾಗಿ, 1976ರ ಮೇ ತಿಂಗಳಲ್ಲಿ ಅವರನ್ನು ಹಿಡಿದರು. ಕೊನೆಗೆ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಮೀಸಾ ಕಾಯಿದೆಯ ಕೆಳಗೆ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಎಂಟು ತಿಂಗಳಿಟ್ಟರು. ಅವರಿಗೆ ಉಬ್ಬಸದ ಬೇನೆಯಿತ್ತು. ತಕ್ಕ ಆರೈಕೆ ದೊರೆಯಲಿಲ್ಲ. ಆ ಬೇನೆಯಲ್ಲೂ ಜೊತೆಯ ಹೆಂಗಸರ ಮೇಲಾಗುತ್ತಿದ್ದ ಹೊಡೆತದ ವಿರುದ್ಧ ದನಿಯೆತ್ತಿದರು. 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಗೆ ಬಿಟ್ಟರು, 20ರಂದು ತೀರಿಕೊಂಡರು. ಜೈಲಿನಲ್ಲಿ ಬರೆದ ದಿನಚರಿ ಉಳಿದಿದ್ದರಿಂದ ಅವರ ಕಷ್ಟ ನಮಗೆ ತಿಳಿಯಿತು.

ದಿನಚರಿ ಬರೆಯಲಾರದವರ ಗತಿಯೇನು? 2022ರ ಕೊನೆಯ ಸರ್ಕಾರಿ ಲೆಕ್ಕದ ಪ್ರಕಾರ ದೇಶದ ಸೆರೆಮನೆಗಳಲ್ಲಿ 23,000ಕ್ಕೂ ಮಿಕ್ಕಿ ಹೆಂಗಸರಿದ್ದರು. ಒಟ್ಟು ಕೈದಿಗಳಲ್ಲಿ ನೂರಕ್ಕೆ ನಾಲ್ವರು ಮಾತ್ರ. ಸಂಖ್ಯೆ ಸಣ್ಣದು, ಆದುದರಿಂದಲೇ ಗಂಡಸರಿಗಾಗಿ ಕಟ್ಟಿದ ಸೆರೆಮನೆಯ ಒಂದು ಮೂಲೆ ಅನೇಕ ಕಡೆ ಅವರ ಪಾಲಿಗೆ ಬಂದಿದೆ. 1,500ಕ್ಕೂ ಹೆಚ್ಚು ತಾಯಂದಿರ ಜೊತೆಯಲ್ಲಿ ಅವರ ಮಕ್ಕಳಿದ್ದವು. ಆರು ವರ್ಷ ತುಂಬುವವರೆಗೆ ಮಗು ತಾಯಿಯ ಬಳಿ ಇರಬಹುದು, ಅದಕ್ಕೆ ಆಹಾರ, ಔಷಧ, ವಿದ್ಯೆ ಕೊಡಬೇಕು ಎಂದು ಸುಪ್ರೀಂ ಕೋರ್ಟು 2006ರಲ್ಲಿ ವಿಧಿಸಿತು. ಆ ಮಗು ಏನು ತಪ್ಪು ಮಾಡಿತ್ತು? ಏಳನೆಯ ವರ್ಷಕ್ಕೆ ಕಾಲಿಟ್ಟಾಗ ಅದು ಯಾರ ಮನೆಗೆ ಹೋಗಬೇಕು?

ಬಂಧುಗಳೇ, ಕೈದಿಗಳಲ್ಲಿ ನಾಲ್ವರಿಗೆ ಮೂವರು ಇನ್ನೂ ತೀರ್ಪು ಕಾಣದವರು. ಜಾಮೀನು ಸಿಕ್ಕರೂ ಹೊಣೆ ನಿಲ್ಲುವವರಿಲ್ಲದೆ ಒಳಗೇ ಉಳಿದ ಬಡವರು ಅವರಲ್ಲಿದ್ದಾರೆ. ಗಂಡಸು ಒಳಗಿದ್ದರೆ ಹೆಂಡತಿ ಬುತ್ತಿ ಕಟ್ಟಿಕೊಂಡು ಬಾಗಿಲಲ್ಲಿ ಕಾಯುತ್ತಾಳೆ. ಹೆಂಗಸು ಒಳಗಾದರೆ, ಮಾನ ಹೋಯಿತೆಂದು ಮನೆಯವರೇ ಮುಖ ತಿರುಗಿಸುವುದುಂಟು. ನಮ್ಮಂತೆ ಹೊಟ್ಟೆಪಾಡಿಗೆ ಪರನಾಡಿಗೆ ಬಂದವಳಾದರೆ, ಗುಜರಾತಿ ಬಾರದವಳಾದರೆ, ಅವಳ ಮಾತು ಕೇಳುವವರಾರು?

ಈ ಸಂಕಟಕ್ಕೆ ಕಾನೂನಿನಲ್ಲಿ ಉತ್ತರವಿದೆ. ಮಧ್ಯಪ್ರದೇಶದ ಬಡ ಗಾರೆಕೆಲಸಗಾರ ಮೋತಿರಾಮನಿಗೆ 10,000 ರೂಪಾಯಿಯ ಜಾಮೀನು ಕೇಳಿ, ಅವನ ಸೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಅವನ ಹೊಣೆಯನ್ನು ತಳ್ಳಿಹಾಕಿದ್ದರು. ಹಾಗೆ ಮಾಡುವುದು ಸರಿಯಲ್ಲವೆಂದು 1978ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಊರಿನ ಹೊಲವನ್ನು ತೋರಿಸಿ ಹೊಣೆ ನಿಲ್ಲಬೇಕಾದ ನಮಗೆ ಈ ಮಾತು ಬೇಕೇ ಬೇಕು.

ಇನ್ನು ಕೆಲವನ್ನು ಮನೆಮನೆಗೂ ತಿಳಿಸಿ. ಹೆಂಗಸಿಗೆ, ಅವಳ ಸಂಪಾದನೆ ಎಷ್ಟೇ ಇರಲಿ, 1987ರ ಕಾಯಿದೆಯಂತೆ ಸರ್ಕಾರದ ವೆಚ್ಚದಲ್ಲಿ ವಕೀಲರ ನೆರವು ಸಲ್ಲುತ್ತದೆ. ವಿಶೇಷ ಕಾರಣವಿದ್ದು ಮ್ಯಾಜಿಸ್ಟ್ರೇಟರ ಅಪ್ಪಣೆ ಪಡೆದ ಹೊರತು, ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಅವಳನ್ನು ದಸ್ತಗಿರಿ ಮಾಡಬಾರದು. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಸಂಹಿತೆಯ ಪ್ರಕಾರ, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಗೊಳಗಾಗದವರು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಪಾಲನ್ನು ವಿಚಾರಣೆಯಲ್ಲೇ ಕಳೆದಿದ್ದರೆ ಬಿಡುಗಡೆಗೆ ಅರ್ಹರು. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ, ಹಲವು ಮೊಕದ್ದಮೆಗಳಿರುವವರಿಗೆ ಇದು ಅನ್ವಯಿಸದು.

ಕಾನೂನು ತಾನಾಗಿ ನಡೆದು ಸೆರೆಮನೆಯ ಬಾಗಿಲಿಗೆ ಹೋಗುವುದಿಲ್ಲ. ಅದನ್ನು ಯಾರಾದರೂ ಕೊಂಡೊಯ್ಯಬೇಕು. ಸಂಬಳ ತಡೆದಾಗ ಒಬ್ಬನ ಪರವಾಗಿ ಹತ್ತು ಮಂದಿ ನಿಲ್ಲುವುದು ಕಾರ್ಮಿಕರಾದ ನಮಗೆ ಹೊಸದಲ್ಲ. ನಮ್ಮ ಮಾತಿನ ಹೆಣ್ಣುಮಗಳೊಬ್ಬಳು ಒಳಗಿದ್ದಾಳೆಂದು ಕೇಳಿದರೆ, ಅವಳು ತಪ್ಪು ಮಾಡಿದಳೋ ಇಲ್ಲವೋ ಎಂಬುದನ್ನು ನ್ಯಾಯಾಲಯಕ್ಕೆ ಬಿಡೋಣ. ಅವಳ ಮಾತನ್ನು ವಕೀಲರಿಗೆ ತಿಳಿಸಲು ಒಬ್ಬರು, ಹೊಣೆ ನಿಲ್ಲಲು ಒಬ್ಬರು, ಅವಳ ಮಗುವಿಗೆ ಅನ್ನವಿಕ್ಕಲು ಒಂದು ಮನೆ, ಇಷ್ಟನ್ನು ನಾವು ಸಿದ್ಧವಾಗಿಡೋಣ.