ಜೀವದೇಹದ ಉಷ್ಣದ ಲೆಕ್ಕ

(ಶಾಲೆಯ ವಾರ್ಷಿಕೋತ್ಸವದ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವಿಜ್ಞಾನದ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾವು ಗ್ರಹತಾರೆಗಳನ್ನೋ ಸಮುದ್ರವನ್ನೋ ಆರಿಸಿಕೊಳ್ಳಬಹುದಾಗಿತ್ತು. ಕೇಳುವವರಿಗೆ ಹಿತವಾಗಿಯೂ ಇರುತ್ತಿತ್ತು. ಅದನ್ನು ಬಿಟ್ಟು, ಉಷ್ಣಗತಿವಿಜ್ಞಾನದ ಮೊದಲ ಪಾಠದ ಲೆಕ್ಕಗಳನ್ನು ಬಿಡಿಸುವ ಬಗೆ ಎಂಬ ಒಣ ವಿಷಯವನ್ನು ಹಿಡಿದಿರುವುದಕ್ಕೆ ಕಾರಣವುಂಟು.

ನಮ್ಮ ಶಾಲೆಯಲ್ಲಿ ಹತ್ತು ವರ್ಷ ಕನ್ನಡದಲ್ಲಿಯೇ ಓದಿ, ಈಗ ಜೈವಿಕ ಇಂಜಿನಿಯರಿಂಗಿನ ಮೊದಲ ವರ್ಷದಲ್ಲಿರುವ ವಿದ್ಯಾರ್ಥಿನಿಯೊಬ್ಬಳು ಕಳೆದ ರಜೆಯಲ್ಲಿ ತಂದೆಯೊಡನೆ ನಮ್ಮಲ್ಲಿಗೆ ಬಂದಿದ್ದಳು. ಕೈಯಲ್ಲಿ ಲೆಕ್ಕಗಳ ಹಾಳೆಯೊಂದಿತ್ತು. ಅದರ ತುಂಬ ಕೆಂಪು ಗೀಟುಗಳು. “ಮಾಸ್ತರೇ, ನನಗೆ ಇಂಗ್ಲಿಷು ಸಾಲದು. ಅದಕ್ಕೇ ಲೆಕ್ಕವೂ ಹತ್ತುವುದಿಲ್ಲ. ಈ ವಿದ್ಯೆ ಬಿಟ್ಟುಬಿಡುತ್ತೇನೆ” ಎಂದಳು. ತಂದೆಯವರು ಸೌಜನ್ಯವುಳ್ಳವರು, ನಮ್ಮನ್ನು ದೂರಲಿಲ್ಲ. “ಇವಳ ತಮ್ಮನನ್ನಾದರೂ ಈ ವರ್ಷ ಇಂಗ್ಲಿಷ್ ಶಾಲೆಗೆ ಸೇರಿಸೋಣವೆಂದಿದ್ದೇವೆ” ಎಂದಷ್ಟೇ ಹೇಳಿದರು. ಆ ಮಾತು ಈ ಸಭೆಯಲ್ಲಿ ಕುಳಿತ ಇನ್ನೂ ಕೆಲವರ ಮನಸ್ಸಿನಲ್ಲಿದೆಯೆಂಬುದನ್ನು ನಾವು ಬಲ್ಲೆವು.

ಮೂರು ದಿನ ಮಧ್ಯಾಹ್ನ ಅವಳೊಡನೆ ಕುಳಿತು ಆ ಹಾಳೆಯನ್ನು ಒಂದೊಂದು ಸಾಲಾಗಿ ನೋಡಿದೆವು. ಇಂಗ್ಲಿಷ್ ಪದದ ಅರ್ಥವಾಗದೆ ತಪ್ಪಿದ ಲೆಕ್ಕಗಳು ಇದ್ದುದು ನಿಜ. ಆದರೆ ಒಂದೆರಡು ಮಾತ್ರ. ಉಳಿದವುಗಳ ತಪ್ಪು ಬೇರೆ ಕಡೆಯದು. ಅದರಲ್ಲಿ ನಮ್ಮ ಪಾಲೂ ಇತ್ತು.

ಒಂದು ಲೆಕ್ಕವನ್ನು ನೋಡಿರಿ. ೭ ಡಿಗ್ರಿಯ ತಣ್ಣೀರನ್ನು ಒಬ್ಬನು ಒಂದು ಲೋಟ, ಎಂದರೆ ೨೦೦ ಗ್ರಾಂ, ಕುಡಿಯುತ್ತಾನೆ. ಅದನ್ನು ಮೈಯ ೩೭ ಡಿಗ್ರಿಗೆ ಏರಿಸಲು ದೇಹವು ಎಷ್ಟು ಉಷ್ಣವನ್ನು ವ್ಯಯಿಸಬೇಕು? ಅದು ಆತನ ದಿನದ ಆಹಾರದಲ್ಲಿ ಎಷ್ಟನೆಯ ಪಾಲು? ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಏರಿಸಲು ಒಂದು ಕ್ಯಾಲೊರಿ; ಆದುದರಿಂದ ೨೦೦ನ್ನು ೩೦ರಿಂದ ಗುಣಿಸಿ ೬,೦೦೦ ಕ್ಯಾಲೊರಿ ಎಂದು ಅವಳು ಬರೆದಿದ್ದಳು; ಅದು ಸರಿ. ದಿನದ ಆಹಾರ ೨,೦೦೦ ಕ್ಯಾಲೊರಿ ಎಂದು ಪ್ರಶ್ನೆಯಲ್ಲಿ ಕೊಟ್ಟಿತ್ತು. ಭಾಗಿಸಿ, ಉತ್ತರ ಮೂರು ಎಂದಿದ್ದಳು. ಒಂದು ಲೋಟ ತಣ್ಣೀರು ಮೂರು ದಿನದ ಊಟವನ್ನು ಕರಗಿಸಿಬಿಡುತ್ತದೆ! ಹಾಗಿದ್ದರೆ ನಮ್ಮಲ್ಲಿ ಬೇಸಿಗೆ ದಾಟಿ ಬದುಕಿದವರು ಯಾರೂ ಇರುತ್ತಿರಲಿಲ್ಲ. ಆಹಾರಶಾಸ್ತ್ರದವರ ಕ್ಯಾಲೊರಿಯು ಭೌತಶಾಸ್ತ್ರದ ಕ್ಯಾಲೊರಿಯ ಸಾವಿರ ಪಟ್ಟು, ಅದು ಕಿಲೋಕ್ಯಾಲೊರಿ. ನಿಜವಾದ ವ್ಯಯವು ಆರು ಕಿಲೋಕ್ಯಾಲೊರಿ. ದಿನದ ಆಹಾರದಲ್ಲಿ ಸಾವಿರಕ್ಕೆ ಮೂರು ಪಾಲು.

ನಾವು ಅವಳನ್ನು ಕೇಳಿದೆವು: “ಈ ಉತ್ತರ ಬಂದಾಗ ನಿನಗೆ ನಗು ಬರಲಿಲ್ಲವೇ?” “ಉತ್ತರವನ್ನು ಹಾಗೆ ನೋಡಬೇಕೆಂದು ಯಾರೂ ಹೇಳಿರಲಿಲ್ಲ ಮಾಸ್ತರೇ” ಎಂದಳು. ಅವಳಿಗೆ ಭೌತಶಾಸ್ತ್ರವನ್ನು ಕಲಿಸಿದವರು ನಾವೇ. ಕೊಟ್ಟದ್ದು ಇಷ್ಟು, ಕೇಳಿದ್ದು ಇಷ್ಟು, ಸೂತ್ರ ಇದು ಎಂದು ಮೂರು ಸಾಲು ಬರೆಸಿ, ಪರೀಕ್ಷೆಗೆ ಅಷ್ಟು ಸಾಕೆಂದು ಮುಂದೆ ಹೋದವರೂ ನಾವೇ.

ಸ್ವಭಾಷೆಯಲ್ಲಿ ಓದಿದರೆ ಎಲ್ಲವೂ ತಾನಾಗಿ ತಿಳಿಯುತ್ತದೆಂದು ಹೇಳುವುದು ಸತ್ಯಕ್ಕೆ ಸಲ್ಲದು. ನಮ್ಮ ನುಡಿಯಲ್ಲಿಯೂ ಎಡವುವ ಕಲ್ಲುಗಳಿವೆ. ಪಪ್ಪಾಯಿ ಉಷ್ಣ, ಎಳನೀರು ತಂಪು ಎನ್ನುತ್ತೇವೆ. ಜ್ವರ ಬಂದವನ ಹಣೆ ಮುಟ್ಟಿ ಮೈ ಬಿಸಿಯಾಗಿದೆ ಎನ್ನುತ್ತೇವೆ. ಮೊದಲನೆಯದು ವೈದ್ಯದ ಮಾತು. ಎರಡನೆಯದು ತಾಪದ ಮಾತು. ಭೌತಶಾಸ್ತ್ರದ ಉಷ್ಣವು ಇವೆರಡೂ ಅಲ್ಲ. ಅದು ತಾಪ ಹೆಚ್ಚಿದೆಡೆಯಿಂದ ಕಡಿಮೆಯಿರುವೆಡೆಗೆ ಎಲ್ಲೆಯನ್ನು ದಾಟಿ ಹರಿಯುವ ಶಕ್ತಿ. ದಾಟುವಾಗ ಮಾತ್ರ ಅದಕ್ಕೆ ಆ ಹೆಸರು. ಒಳಗೆ ಸೇರಿದ ಮೇಲೆ ಅದು ಆಂತರಿಕ ಶಕ್ತಿ. ದೇಹದಲ್ಲಿ ಇಷ್ಟು ಉಷ್ಣವಿದೆ ಎಂದು ಬರೆದ ವಿದ್ಯಾರ್ಥಿಯು ಮುಂದಿನ ಸಾಲಿನಲ್ಲಿ ತಪ್ಪುವುದು ಖಂಡಿತ.

ಆದುದರಿಂದ ಸೂತ್ರಕ್ಕಿಂತ ಮೊದಲು ಎಲ್ಲೆ. ಗಡಿಯ ಜನರಾದ ನಮಗೆ ಗಡಿಯ ಮಹತ್ವವನ್ನು ಇನ್ನೊಬ್ಬರು ಹೇಳಿಕೊಡಬೇಕಾಗಿಲ್ಲ! ಲೆಕ್ಕದಲ್ಲಿ ಯಾವ ವಸ್ತುವಿನ ವಿಚಾರ ಬಂದಿದೆಯೋ ಅದರ ಸುತ್ತ ಒಂದು ಗೆರೆ ಎಳೆಯಬೇಕು. ಗೆರೆಯೊಳಗಿನದು ವ್ಯೂಹ, ಹೊರಗಿನದು ಪರಿಸರ. ಬಳಿಕ ಗೆರೆಯನ್ನು ದಾಟಿ ಒಳಬಂದದ್ದು ಏನು, ಹೊರಹೋದದ್ದು ಏನು ಎಂದು ಮನೆಯ ಜಮಾಖರ್ಚಿನಂತೆ ಬರೆಯಬೇಕು. ಜೀವದೇಹವು ಬೀಗ ಹಾಕಿದ ಪೆಟ್ಟಿಗೆಯಲ್ಲ. ಅನ್ನ, ನೀರು, ಉಸಿರು, ಬೆವರು ಎಲ್ಲವೂ ಎಲ್ಲೆಯನ್ನು ದಾಟುತ್ತಲೇ ಇರುತ್ತವೆ. ಇನ್ನೊಂದು ತೊಡಕನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ರಸಾಯನಶಾಸ್ತ್ರದ ಪುಸ್ತಕಗಳು ವ್ಯೂಹದ ಮೇಲೆ ಮಾಡಿದ ಕೆಲಸವನ್ನು ಧನವೆಂದು ಎಣಿಸುತ್ತವೆ. ಇಂಜಿನಿಯರಿಂಗಿನ ಅನೇಕ ಪುಸ್ತಕಗಳು ವ್ಯೂಹವು ಮಾಡಿದ ಕೆಲಸವನ್ನು ಧನವೆನ್ನುತ್ತವೆ. ಜೈವಿಕ ಇಂಜಿನಿಯರಿಂಗಿನ ವಿದ್ಯಾರ್ಥಿಗೆ ಒಂದೇ ವರ್ಷದಲ್ಲಿ ಎರಡೂ ಎದುರಾಗುತ್ತವೆ. ಯಾವ ಪದ್ಧತಿಯೆಂಬುದನ್ನು ಹಾಳೆಯ ಮೇಲ್ಗಡೆ ಬರೆದುಕೊಳ್ಳದವನಿಗೆ ದೇವರೇ ಗತಿ.

ಈಗ ನಮಗೆ ಬಹಳ ಪ್ರಿಯವಾದ ಒಂದು ಲೆಕ್ಕಕ್ಕೆ ಬರುತ್ತೇವೆ. ಇದು ನಿಜವಾಗಿ ನಡೆದ ಸಂಗತಿ. ಸ್ನಾಯುಗಳು ಕೆಲಸ ಮಾಡುವುದು ತಮ್ಮ ಪ್ರೋಟೀನನ್ನೇ ಸವೆಸಿ ಎಂದು ಜರ್ಮನಿಯ ಹಿರಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಹೇಳಿದ್ದನು. ಅವನ ಮಾತಿಗೆ ಎದುರಾಡುವವರು ಕಡಿಮೆ. ೧೮೬೫ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ಇಬ್ಬರು ವಿದ್ವಾಂಸರು, ಶರೀರಶಾಸ್ತ್ರದ ಫಿಕ್ ಮತ್ತು ರಸಾಯನಶಾಸ್ತ್ರದ ವಿಸ್ಲಿಸೆನಸ್, ಇದನ್ನು ತಮ್ಮ ಮೈಮೇಲೆಯೇ ಪರೀಕ್ಷಿಸಿದರು. ಹಿಂದಿನ ದಿನದಿಂದಲೇ ಪ್ರೋಟೀನಿಲ್ಲದ ಆಹಾರವನ್ನು ಮಾತ್ರ, ಎಂದರೆ ಪಿಷ್ಟ, ಕೊಬ್ಬು, ಸಕ್ಕರೆಗಳನ್ನು, ಸೇವಿಸಿ, ಸರೋವರದ ದಡದಿಂದ ಫೌಲ್‌ಹಾರ್ನ್ ಎಂಬ ಶಿಖರಕ್ಕೆ ನಡೆದೇ ಏರಿದರು. ಏರಿದ ಎತ್ತರ ೧,೯೫೬ ಮೀಟರು. ಏರುವಾಗಲೂ ಅನಂತರದ ಕೆಲವು ಗಂಟೆಗಳಲ್ಲಿಯೂ ಮೂತ್ರವನ್ನು ಸಂಗ್ರಹಿಸಿ ಅದರಲ್ಲಿನ ನೈಟ್ರೋಜನ್ನನ್ನು ಅಳೆದರು. ಪ್ರೋಟೀನಿನ ತೂಕದಲ್ಲಿ ನೈಟ್ರೋಜನ್ ಸುಮಾರು ಶೇಕಡಾ ೧೬ ಇರುವುದರಿಂದ, ನೈಟ್ರೋಜನ್ ತಿಳಿದರೆ ಸವೆದ ಪ್ರೋಟೀನು ತಿಳಿಯಿತು. ಒಬ್ಬೊಬ್ಬರಿಗೆ ಸುಮಾರು ೩೭ ಗ್ರಾಂ.

ಫಿಕ್‌ನ ತೂಕ ೬೬ ಕಿಲೋಗ್ರಾಂ. ಎಲ್ಲೆಯನ್ನು ಅವನ ಮೈಯ ಸುತ್ತ ಎಳೆಯೋಣ. ಗುರುತ್ವಾಕರ್ಷಣೆಗೆ ಎದುರಾಗಿ ಅವನು ಮಾಡಿದ ಕೆಲಸವೆಂದರೆ ತೂಕ, ಗುರುತ್ವದ ವೇಗೋತ್ಕರ್ಷ, ಎತ್ತರ ಇವುಗಳ ಗುಣಲಬ್ಧ: ೬೬, ೯.೮, ೧,೯೫೬ ಗುಣಿಸಿದರೆ ಸುಮಾರು ೧,೨೬೫ ಕಿಲೋಜೂಲ್. ಪ್ರೋಟೀನಿನ ಒಂದು ಗ್ರಾಮಿನಿಂದ ದೇಹಕ್ಕೆ ಸುಮಾರು ೧೭ ಕಿಲೋಜೂಲ್ ದೊರೆಯುತ್ತದೆ. ೩೭ ಗ್ರಾಮಿಗೆ ಸುಮಾರು ೬೩೦. ಒಂದು ಕಣವೂ ಪೋಲಾಗದೆ ಅಷ್ಟೂ ಕೆಲಸವಾಗಿ ಮಾರ್ಪಟ್ಟಿತೆಂದು ಉದಾರವಾಗಿ ಒಪ್ಪಿದರೂ ಬೇಕಾದುದರ ಅರ್ಧ ಮಾತ್ರ! ಜಮೆ ೬೩೦, ಖರ್ಚು ೧,೨೬೫. ಉಳಿದುದನ್ನು ಕೊಟ್ಟವರು ಯಾರು? ಪಿಷ್ಟ ಮತ್ತು ಕೊಬ್ಬು. ಲೀಬಿಗನ ಮತ ಬಿದ್ದುಹೋಯಿತು. ಮರುವರ್ಷ ಇಂಗ್ಲೆಂಡಿನಲ್ಲಿ ಫ್ರಾಂಕ್‌ಲೆಂಡ್ ಎಂಬಾತನು ಆಹಾರಪದಾರ್ಥಗಳನ್ನು ಸುಟ್ಟು ಅವುಗಳ ಉಷ್ಣವನ್ನು ಅಳೆದು ಇದನ್ನು ದೃಢಪಡಿಸಿದನು. ಮೂರು ಸಂಖ್ಯೆಗಳ ಗುಣಾಕಾರ, ಒಂದು ಹೋಲಿಕೆ. ಎಂಟನೆಯ ತರಗತಿಯ ಹುಡುಗನಿಗೂ ಬರುವ ಗಣಿತ. ಇದರಲ್ಲಿ ಕಷ್ಟವಾದ ಭಾಗ ಗಣಿತವಲ್ಲ. ಯಾವುದರ ಲೆಕ್ಕವನ್ನು ಯಾವುದಕ್ಕೆ ಎದುರಿಡಬೇಕೆಂಬ ತೀರ್ಮಾನ.

ಇಲ್ಲಿ ನಮ್ಮ ವಿದ್ಯಾರ್ಥಿನಿ ಒಂದು ಪ್ರಶ್ನೆ ಹಾಕಿದಳು, ನಾವು ಹಿಗ್ಗಿದೆವು. “ಅವರು ಬೆಟ್ಟ ಇಳಿದು ಮತ್ತೆ ಸರೋವರದ ದಡಕ್ಕೆ ಬಂದರೆ ಎತ್ತರ ಸೊನ್ನೆ, ಕೆಲಸವೂ ಸೊನ್ನೆಯಾಗಬೇಕಲ್ಲ. ಆ ೧,೨೬೫ ಎಲ್ಲಿ ಹೋಯಿತು?” ಎಂದಳು. ಇಳಿಯುವಾಗ ಭೂಮಿಯು ಅವರ ಮೈಮೇಲೆ ಅಷ್ಟೇ ಕೆಲಸವನ್ನು ಮಾಡುತ್ತದೆ; ಕಾಲಿನ ಸ್ನಾಯುಗಳು ಹೆಜ್ಜೆಹೆಜ್ಜೆಗೂ ಅದನ್ನು ತಡೆಹಿಡಿದು ಉಷ್ಣವಾಗಿಸುತ್ತವೆ. ಹೋಗಿ ಬಂದ ಪ್ರಯಾಣವನ್ನೆಲ್ಲ ಒಂದಾಗಿ ಎಣಿಸಿದರೆ ಕೆಲಸವೇ ಇಲ್ಲ; ಸವೆದ ಆಹಾರವೆಲ್ಲ ಕಡೆಗೆ ಉಷ್ಣವಾಗಿ ಹೊರಬಿದ್ದಿರುತ್ತದೆ. ಎಲ್ಲೆಯೆಂಬುದು ಸ್ಥಳದಲ್ಲಿ ಮಾತ್ರವಲ್ಲ, ಕಾಲದಲ್ಲಿಯೂ ಇರತಕ್ಕದ್ದು. ಎಲ್ಲಿಂದ ಎಲ್ಲಿಯವರೆಗೆ ಎಂಬುದರ ಜತೆಗೆ ಎಂದಿನಿಂದ ಎಂದಿನವರೆಗೆ ಎಂದೂ ಬರೆಯಬೇಕು. ಇದನ್ನು ನಾವು ಅವಳಿಗೆ ಕಲಿಸಿದೆವೆನ್ನುವುದಕ್ಕಿಂತ, ಅವಳ ಪ್ರಶ್ನೆಯಿಂದ ನಾವೇ ಕಲಿತೆವೆನ್ನುವುದು ಸರಿ.

ಸ್ನಾಯುವು ಆಹಾರದ ಶಕ್ತಿಯಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲನ್ನು ಮಾತ್ರ ಕೆಲಸವಾಗಿಸಬಲ್ಲುದು. ಈ ಕಾಲುಪಾಲಿನ ವಿಷಯದಲ್ಲಿ ಜಾಣ ವಿದ್ಯಾರ್ಥಿಗಳೂ ಒಂದು ಗುಂಡಿಗೆ ಬೀಳುತ್ತಾರೆ. ಯಂತ್ರದ ದಕ್ಷತೆಯೆಂದೊಡನೆ ಕಾರ್ನೋ ಎಂಬ ಫ್ರೆಂಚ್ ಇಂಜಿನಿಯರನು ೧೮೨೪ರಲ್ಲಿ ತೋರಿಸಿಕೊಟ್ಟ ಮಿತಿಯು ನೆನಪಾಗಿ, ಮೈಯ ತಾಪ ೩೧೦ ಕೆಲ್ವಿನ್, ಹೊರಗಿನ ಗಾಳಿಯ ತಾಪ ೩೦೦ ಕೆಲ್ವಿನ್ ಎಂದು ಹಾಕಿ, ಹತ್ತನ್ನು ೩೧೦ರಿಂದ ಭಾಗಿಸಿ, ಶೇಕಡಾ ಮೂರಕ್ಕಿಂತ ಸ್ವಲ್ಪ ಹೆಚ್ಚೆಂದು ಬರೆಯುತ್ತಾರೆ. ಆದರೆ ಫಿಕ್ ಬೆಟ್ಟ ಹತ್ತಿದ್ದು ಶೇಕಡಾ ಮೂರರಿಂದಲ್ಲವಷ್ಟೆ! ಹೊರಗೆ ೩೦೦ ಕೆಲ್ವಿನ್ ಇರುವಾಗ ಉಷ್ಣಯಂತ್ರವೊಂದು ಶೇಕಡಾ ೨೫ನ್ನು ಪಡೆಯಬೇಕಾದರೆ ಅದರ ಒಲೆಯು ಕಡಿಮೆಯೆಂದರೆ ೪೦೦ ಕೆಲ್ವಿನ್, ಎಂದರೆ ೧೨೭ ಡಿಗ್ರಿಯಲ್ಲಿರಬೇಕು. ಅಷ್ಟು ತಾಪದಲ್ಲಿ ನಮ್ಮ ತೊಡೆಯ ಮಾಂಸ ಬೆಂದುಹೋಗುತ್ತಿತ್ತು. ಕಾರ್ನೋನ ನಿಯಮ ಸುಳ್ಳಲ್ಲ. ಅದು ಉಷ್ಣವನ್ನು ಕೆಲಸವಾಗಿಸುವ ಯಂತ್ರಕ್ಕೆ ಸಂಬಂಧಿಸಿದ್ದು. ಸ್ನಾಯುವು ಅಂಥ ಯಂತ್ರವೇ ಅಲ್ಲ. ಅದು ರಾಸಾಯನಿಕ ಶಕ್ತಿಯನ್ನು ನೇರವಾಗಿ ಬಳಸುತ್ತದೆ; ನಡುವೆ ಹಣ ಚಲಾವಣೆಯಾದಂತೆ ಎ.ಟಿ.ಪಿ. ಎಂಬ ವಸ್ತು ಓಡಾಡುತ್ತದೆ. ಆ ವಸ್ತುವನ್ನು ೧೯೨೯ರಲ್ಲಿ ಜರ್ಮನಿಯ ಲೋಮನ್ನನೂ, ಅಮೆರಿಕದ ಹಾರ್ವರ್ಡಿನಲ್ಲಿ ಫಿಸ್ಕೆಯೊಡನೆ ನಮ್ಮ ನೆರೆಯ ಆಂಧ್ರದ ಭೀಮವರದಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾಯರೂ ಸ್ನಾಯುವಿನಲ್ಲಿ ಕಂಡುಹಿಡಿದರು. ಸೂತ್ರವು ಬಾಯಿಗೆ ಬಂದರೆ ಸಾಲದು. ಅದಕ್ಕೆ ಇಲ್ಲಿ ಪ್ರವೇಶವಿದೆಯೇ ಎಂದು ಬಾಗಿಲಲ್ಲಿಯೇ ಕೇಳಬೇಕು.

ಉಳಿದ ಮುಕ್ಕಾಲು ಪಾಲು ಉಷ್ಣವಾಗಿ ಹೊರಬೀಳಲೇಬೇಕು. ಬೀಳದಿದ್ದರೆ ಏನಾಗುತ್ತದೆಂಬುದನ್ನು, ಬೆಟ್ಟ ಹತ್ತುವವನನ್ನು ಬಿಟ್ಟು, ಈ ಸಭೆಯಲ್ಲಿ ಸುಮ್ಮನೆ ಕುಳಿತವರ ಲೆಕ್ಕದಿಂದಲೇ ನೋಡಬಹುದು. ಕುಳಿತ ಮನುಷ್ಯನ ದೇಹವು ಸುಮಾರು ೧೦೦ ವಾಟಿನ ದರದಲ್ಲಿ ಉಷ್ಣವನ್ನು ಬಿಡುತ್ತದೆ. ವಾಟೆಂಬುದು ದರ, ಮೊತ್ತವಲ್ಲ. ಗಂಟೆಯ ೩,೬೦೦ ಸೆಕೆಂಡುಗಳಿಂದ ಗುಣಿಸಿದಾಗ ೩೬೦ ಕಿಲೋಜೂಲ್ ಎಂಬ ಮೊತ್ತ ಬರುತ್ತದೆ. ಆ ಹಾಳೆಯ ಮೂರು ಕೆಂಪು ಗೀಟುಗಳು ಈ ಒಂದು ಭೇದಕ್ಕೇ ಬಿದ್ದಿದ್ದುವು. ೬೦ ಕಿಲೋಗ್ರಾಂ ತೂಗುವ ದೇಹದ ವಿಶಿಷ್ಟೋಷ್ಣ ಸುಮಾರು ೩.೫ ಕಿಲೋಜೂಲ್ ಎಂದಿಟ್ಟುಕೊಂಡರೆ, ಅದರ ತಾಪವನ್ನು ಒಂದು ಡಿಗ್ರಿ ಏರಿಸಲು ೨೧೦ ಕಿಲೋಜೂಲ್ ಸಾಕು. ಉಷ್ಣಕ್ಕೆ ಹೊರದಾರಿಯೇ ಇಲ್ಲದಿದ್ದರೆ ಗಂಟೆಗೆ ೧.೭ ಡಿಗ್ರಿಯಂತೆ, ಮೂರು ಗಂಟೆಯ ಸಭೆ ಮುಗಿಯುವ ಹೊತ್ತಿಗೆ ನಮ್ಮೆಲ್ಲರ ಮೈ ೪೨ ಡಿಗ್ರಿಗೆ ಏರಿರುತ್ತದೆ. ಭಾಷಣವನ್ನು ಬೇಗ ಮುಗಿಸಲು ಇದಕ್ಕಿಂತ ಒಳ್ಳೆಯ ಕಾರಣ ಬೇಡ.

ನಮ್ಮನ್ನು ಕಾಯುವುದರಲ್ಲಿ ಬೆವರಿನದು ದೊಡ್ಡ ಪಾಲು. ಚರ್ಮದ ಮೇಲಿನ ಒಂದು ಕಿಲೋಗ್ರಾಂ ಬೆವರು ಆವಿಯಾಗುವಾಗ ಸುಮಾರು ೨,೪೩೦ ಕಿಲೋಜೂಲ್ ಗುಪ್ತೋಷ್ಣವನ್ನು ಒಯ್ಯುತ್ತದೆ. ೩೬೦ನ್ನು ಇದರಿಂದ ಭಾಗಿಸಿದರೆ, ಗಂಟೆಗೆ ೧೫೦ ಗ್ರಾಂ ಬೆವರು ಆರಿದರೆ ಸಾಕೆಂದಾಯಿತು. ಆದರೆ ‘ಆರಿದರೆ’ ಎಂಬ ಶಬ್ದದ ಮೇಲೆ ಗಮನವಿರಲಿ. ನಮ್ಮ ಈ ಕಾಸರಗೋಡಿನ ಕರಾವಳಿಯಲ್ಲಿ ಮೇ ತಿಂಗಳ ಸೆಕೆಗೆ ಗಾಳಿಯು ನೀರಾವಿಯಿಂದ ತುಂಬಿರುವಾಗ ಬೆವರು ಆರದೆ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರು ಎಲ್ಲೆಯನ್ನು ದಾಟಿತು ನಿಜ. ಗುಪ್ತೋಷ್ಣವನ್ನು ಮಾತ್ರ ಒಯ್ಯಲಿಲ್ಲ. ಒಣಹವೆಯ ಸೊಲ್ಲಾಪುರದಲ್ಲಿ ತಾಪಮಾಪಕವು ಇಲ್ಲಿಗಿಂತ ಹೆಚ್ಚು ಡಿಗ್ರಿ ತೋರಿಸಿದರೂ ಬೆವರು ಹುಟ್ಟಿದಲ್ಲಿಯೇ ಆರುತ್ತದೆ. ಅವಳ ಹಾಳೆಯ ಲೆಕ್ಕವೊಂದರಲ್ಲಿ ಇಷ್ಟು ಬೆವರು ತೊಟ್ಟಿಕ್ಕಿತು, ಇಷ್ಟು ಆರಿತು ಎಂದು ಎರಡು ಸಂಖ್ಯೆಗಳನ್ನು ಕೊಟ್ಟಿದ್ದರು; ಅವಳು ಎರಡನ್ನೂ ಕೂಡಿಸಿಬಿಟ್ಟಿದ್ದಳು. ಕಾರಣವನ್ನು ನಾವು ಹೇಳಬೇಕಾಗಲಿಲ್ಲ. “ಗದ್ದೆ ಕೆಲಸದಿಂದ ಬಂದ ಅಮ್ಮ ಸೆರಗಿನಿಂದ ಗಾಳಿ ಹಾಕಿಕೊಳ್ಳುವುದು ಇದಕ್ಕೇ ಅಲ್ಲವೇ?” ಎಂದು ತಾನೇ ಗೀಟು ಹೊಡೆದು ತಿದ್ದಿದಳು.

ಮೂರನೆಯ ದಿನ ಅವಳಿಗೆ ಒಂದೇ ಕೆಲಸ ಕೊಟ್ಟೆವು. ಇಂಗ್ಲಿಷಿನ ಪ್ರಶ್ನೆಯನ್ನು ಓದಿ, ಪುಸ್ತಕ ಮುಚ್ಚಿ, ಅಮ್ಮನಿಗೆ ಹೇಳುವಂತೆ ಕನ್ನಡದಲ್ಲಿ ಹೇಳುವುದು. ಹೇಳಲಾರದಿದ್ದರೆ ಮತ್ತೆ ಓದುವುದು. ಹೇಳಿಯಾದ ಮೇಲೆ ಎಲ್ಲೆ ಎಳೆದು ಇಂಗ್ಲಿಷಿನಲ್ಲಿಯೇ ಬಿಡಿಸುವುದು. ಏಕೆಂದರೆ ಪರೀಕ್ಷೆ ಅದರಲ್ಲಿದೆ. ಆ ಭಾಷೆಯನ್ನು ಅವಳು ಚೆನ್ನಾಗಿ ಕಲಿಯತಕ್ಕದ್ದೇ. ಅವಳು ಕಾಲೇಜಿಗೆ ಮರಳಿದಳು. ಪರೀಕ್ಷೆ ಇನ್ನೂ ಮುಂದಿದೆ. ಫಲವನ್ನು ಈಗಲೇ ಹೇಳಿಕೊಂಡು ಬೀಗುವುದು ನಮಗೆ ಶೋಭಿಸದು. ತಮ್ಮನ ಅರ್ಜಿಯೂ ನಮ್ಮ ಕಚೇರಿಗೆ ಇನ್ನೂ ಬಂದಿಲ್ಲ. ಇತ್ತ ನಮ್ಮ ಮೇಲಿನ ತರಗತಿಗಳಲ್ಲಿ ಮೂರು ಸಾಲಿನ ಪದ್ಧತಿಯನ್ನು ನಿಲ್ಲಿಸಿದ್ದೇವೆ. ಮೊದಲು ಚಿತ್ರ ಮತ್ತು ಎಲ್ಲೆ, ಕಡೆಗೆ ‘ಈ ಉತ್ತರವನ್ನು ನಂಬಬಹುದೇ’ ಎಂಬುದಕ್ಕೆ ಒಂದು ವಾಕ್ಯ. ಆ ವಾಕ್ಯಕ್ಕೂ ಅಂಕವಿದೆ. ಪಾಠಗಳು ನಿಧಾನವಾಗಿವೆಯೆಂದು ಕೆಲವು ಪೋಷಕರು ಆಕ್ಷೇಪಿಸಿದ್ದಾರೆ. ನಿಧಾನವಾಗಿರುವುದು ಹೌದು.

ವಿದ್ಯಾರ್ಥಿ ಮಿತ್ರರಿಗೆ ಒಂದು ಲೆಕ್ಕವನ್ನು ಕೊಟ್ಟು ಕುಳಿತುಕೊಳ್ಳುತ್ತೇವೆ. ೧೭೮೨–೮೩ರ ಚಳಿಗಾಲದಲ್ಲಿ ಪ್ಯಾರಿಸ್ಸಿನಲ್ಲಿ ಲವಾಸಿಯೇ ಮತ್ತು ಲಾಪ್ಲಾಸ್ ಎಂಬ ಇಬ್ಬರು ಮಹಾಪಂಡಿತರು ಗಿನಿ ಹಂದಿಯೆಂಬ ಸಣ್ಣ ಪ್ರಾಣಿಯನ್ನು ಸುತ್ತಲೂ ಮಂಜುಗಡ್ಡೆ ತುಂಬಿದ ಪಾತ್ರೆಯಲ್ಲಿಟ್ಟರು. ಹತ್ತು ಗಂಟೆಯಲ್ಲಿ ಅದರ ಮೈಯ ಉಷ್ಣದಿಂದ ೧೩ ಔನ್ಸ್ ಮಂಜುಗಡ್ಡೆ ಕರಗಿತು. ಅಷ್ಟೇ ಹೊತ್ತಿನಲ್ಲಿ ಅದು ಉಸಿರಿನಿಂದ ಬಿಟ್ಟ ಇಂಗಾಲಾಮ್ಲದ ಪ್ರಮಾಣವನ್ನು ಬೇರೆಯಾಗಿ ಅಳೆದು, ಅಷ್ಟು ಅನಿಲ ಬರುವಂತೆ ಇದ್ದಲನ್ನು ಸುಟ್ಟಿದ್ದರೆ ಎಷ್ಟು ಮಂಜುಗಡ್ಡೆ ಕರಗುತ್ತಿತ್ತೆಂದು ಲೆಕ್ಕ ಹಾಕಿದರು. ಹತ್ತು ಔನ್ಸಿಗಿಂತ ತುಸು ಹೆಚ್ಚು ಬಂದಿತು. ಹಾಗಾದರೆ ಉಳಿದ ಎರಡೂವರೆ ಔನ್ಸಿನಷ್ಟನ್ನು ಕರಗಿಸಿದ ಉಷ್ಣ ಎಲ್ಲಿಂದ ಬಂದಿತು? ಪ್ರಾಣಿಯ ಸುತ್ತ ಎಲ್ಲೆ ಎಳೆಯಿರಿ. ಹತ್ತು ಗಂಟೆ ಮಂಜಿನ ನಡುವೆ ಕುಳಿತ ಮೇಲೆ ಅದರ ಮೈ ಮೊದಲಿದ್ದಷ್ಟೇ ಬೆಚ್ಚಗಿತ್ತೇ ಎಂದು ಕೇಳಿಕೊಳ್ಳಿರಿ; ಅದು ತಿಂದ ಆಹಾರದಲ್ಲಿ ಇಂಗಾಲವಲ್ಲದೆ ಜಲಜನಕವೂ ಉಂಟೆಂಬುದನ್ನು ಮರೆಯದಿರಿ. ಉತ್ತರಗಳನ್ನು ಸೋಮವಾರ ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ವಿಜ್ಞಾನದ ಕೊಠಡಿಯಲ್ಲಿ ನಮ್ಮ ಮೇಜಿನ ಮೇಲೆ ಇಡತಕ್ಕದ್ದು.