ಸಭೆ ದೊಡ್ಡದೋ, ಸಮಿತಿ ದೊಡ್ಡದೋ?



ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ಅರಣ್ಯಭೂಮಿಯ ಸಾಗುವಳಿಯನ್ನೇ ನಂಬಿ ಬದುಕುವ ಕುಟುಂಬಗಳು ಬಹಳ. ಅವರ ಅರಣ್ಯ ಹಕ್ಕಿನ ಅರ್ಜಿ ತಿರಸ್ಕೃತವಾದಾಗ ಕೇಳಿಬರುವ ಮಾತು ಒಂದೇ: 'ಸಮಿತಿಯಲ್ಲಿ ಹೋಯಿತು.' ಯಾವ ಸಮಿತಿ, ಯಾವ ಸಭೆ, ಯಾವ ಠರಾವು ಎಂದರೆ ಉತ್ತರವಿಲ್ಲ. ಆದ್ದರಿಂದ ಸಭೆಗೂ ಸಮಿತಿಗೂ ಇರುವ ಸಂಬಂಧವನ್ನು ಅರಿಯುವುದು ಪಂಡಿತರ ಚರ್ಚೆಯಲ್ಲ. ಅದು ಮನೆ, ಗದ್ದೆ, ತೋಟಗಳ ಪ್ರಶ್ನೆ.

ಸಭಾನಿಯಮದ ಮೂಲತತ್ತ್ವ ಸರಳವಾಗಿದೆ. ಸಮಿತಿಯನ್ನು ಹುಟ್ಟಿಸುವುದು ಸಭೆ. ಸಭೆಯು ಒಂದು ವಿಷಯವನ್ನು ಸಮಿತಿಗೆ ಒಪ್ಪಿಸಿದ ಮೇಲೆ, ವರದಿ ಬರುವವರೆಗೆ ಅಥವಾ ಸಭೆಯೇ ಠರಾವು ಮಾಡಿ ಹಿಂಪಡೆಯುವವರೆಗೆ ಅದು ಸಮಿತಿಯ ಕೈಯಲ್ಲಿರುತ್ತದೆ. ಸಮಿತಿಯನ್ನು ಕತ್ತಲೆಯಲ್ಲಿಟ್ಟು ಸಭೆ ತೀರ್ಮಾನಿಸುವುದು ಸಲ್ಲದು. ಅಂತೆಯೇ, ಅಧಿಕಾರ ಕೊಡದ ಹೊರತು ಸಮಿತಿಯು ಸಭೆಯ ಬದಲಿಗೆ ತೀರ್ಮಾನಿಸುವುದೂ ಸಲ್ಲದು. ಸಂಸತ್ತಿನಲ್ಲೂ ರೂಢಿ ಇದೇ. 2021ರ ಜೀವವೈವಿಧ್ಯ ತಿದ್ದುಪಡಿ ಮಸೂದೆಯು ಜಂಟಿ ಸಮಿತಿಗೆ ಹೋಯಿತು. 2022ರಲ್ಲಿ ವರದಿ ಬಂದಿತು. ಸದನಗಳು ಮತ ಹಾಕಿದ್ದು 2023ರಲ್ಲಿ. ಸಮಿತಿ ಪರಿಶೀಲಿಸಿತು, ಸದನ ನಿರ್ಣಯಿಸಿತು.

2006ರ ಅರಣ್ಯ ಹಕ್ಕು ಕಾಯ್ದೆಯು ಇದೇ ತತ್ತ್ವವನ್ನು ಊರಿನ ಕಟ್ಟೆಗೆ ತಂದಿದೆ. ಅಲ್ಲಿ ಗ್ರಾಮಸಭೆಯೇ ಮೂಲ ಅಧಿಕಾರಿ. ಅದು 10ರಿಂದ 15 ಸದಸ್ಯರ ಅರಣ್ಯ ಹಕ್ಕು ಸಮಿತಿಯನ್ನು ಆರಿಸುತ್ತದೆ. ಸಮಿತಿಯು ಅರ್ಜಿದಾರನಿಗೂ ಅರಣ್ಯ ಇಲಾಖೆಗೂ ಮುನ್ಸೂಚನೆ ಕೊಟ್ಟು ಸ್ಥಳ ನೋಡಬೇಕು, ಸಾಕ್ಷ್ಯ ದಾಖಲಿಸಬೇಕು, ತನ್ನ ಅಭಿಪ್ರಾಯವನ್ನು ಗ್ರಾಮಸಭೆಯ ಮುಂದಿಡಬೇಕು. ಅಲ್ಲಿಗೆ ಅದರ ಕೆಲಸ ಮುಗಿಯಿತು. ಠರಾವು ಮಾಡುವುದು ಗ್ರಾಮಸಭೆ. 2012ರ ತಿದ್ದುಪಡಿಯಂತೆ ಆ ಸಭೆಗೆ ಸದಸ್ಯರಲ್ಲಿ ಅರ್ಧದಷ್ಟಾದರೂ ಹಾಜರಿರಬೇಕು. ಹಾಜರಾದವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ಅರ್ಜಿದಾರರಲ್ಲಿ ಅಥವಾ ಅವರ ಪ್ರತಿನಿಧಿಗಳಲ್ಲಿ ಅರ್ಧದಷ್ಟು ಜನ ಬಂದಿರಬೇಕು. ಸಮಿತಿಯ ವರದಿಯಿಲ್ಲದ ಠರಾವು ಬುಡವಿಲ್ಲದ ಮರ. ಠರಾವಿಲ್ಲದ ವರದಿ ಫಲವಿಲ್ಲದ ಮರ.

ಠರಾವು ಮುಂದೆ ಉಪವಿಭಾಗ ಮಟ್ಟದ ಸಮಿತಿಗೆ ಏರುತ್ತದೆ. ಭಟ್ಕಳ, ಹೊನ್ನಾವರದ ಕಡತಗಳು ಭಟ್ಕಳ ಉಪವಿಭಾಗಕ್ಕೂ, ಕುಮಟಾದವು ಕುಮಟಾ ಉಪವಿಭಾಗಕ್ಕೂ ಹೋಗಿ, ಕೊನೆಗೆ ಕಾರವಾರದ ಜಿಲ್ಲಾ ಸಮಿತಿಯನ್ನು ಸೇರುತ್ತವೆ. ಹೆಸರಿನಲ್ಲಿ ಇವೂ ಸಮಿತಿಗಳೇ. ಆದರೆ ಗ್ರಾಮಸಭೆ ಆರಿಸಿದ ಸಮಿತಿಯಂತೆ ಅದಕ್ಕೆ ಅಧೀನವಲ್ಲ, ಜಿಲ್ಲಾ ಸಮಿತಿಯ ನಿರ್ಣಯವೇ ಅಂತಿಮ. ಆದರೂ ಅವುಗಳಿಗೆ ಲಗಾಮಿದೆ. ಗ್ರಾಮಸಭೆಯ ಠರಾವು ಅಪೂರ್ಣವೆನಿಸಿದರೆ ತಿರಸ್ಕರಿಸದೆ ಮರುಪರಿಶೀಲನೆಗೆ ಗ್ರಾಮಸಭೆಗೇ ಕಳುಹಿಸಬೇಕು. ತಿರಸ್ಕರಿಸಿದರೆ ಕಾರಣವನ್ನು ಬರೆದು ಅರ್ಜಿದಾರನಿಗೆ ತಿಳಿಸಬೇಕು. ಈ ಎರಡೂ ಸಮಿತಿಗಳಲ್ಲಿ ಮೂವರು ಅಧಿಕಾರಿಗಳ ಜೊತೆಗೆ ಮೂವರು ಚುನಾಯಿತ ಸದಸ್ಯರಿರಬೇಕು. ಅವರನ್ನು ಹೆಸರಿಸುವುದು ಜಿಲ್ಲಾ ಪಂಚಾಯಿತಿ. 2021ರಲ್ಲಿ ಕರ್ನಾಟಕದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದು, ಬಳಿಕ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಅರ್ಧ ಖಾಲಿಯಾದ ಸಮಿತಿಯು ಪೂರ್ಣ ಸಮಿತಿಯ ಅಧಿಕಾರ ಚಲಾಯಿಸಬಹುದೆ ಎಂಬ ಪ್ರಶ್ನೆಯನ್ನು ಪ್ರತಿಯೊಬ್ಬ ಅರ್ಜಿದಾರನೂ ಕೇಳಬಹುದು.

ಇದು ಬರಿಯ ಕಾಗದದ ತಕರಾರಲ್ಲ. 2019ರ ಫೆಬ್ರವರಿ 13ರಂದು ಸರ್ವೋಚ್ಚ ನ್ಯಾಯಾಲಯವು ಅರ್ಜಿ ತಿರಸ್ಕೃತರಾದವರನ್ನು ಒಕ್ಕಲೆಬ್ಬಿಸಲು ಆದೇಶಿಸಿತು. ಅದೇ 28ರಂದು ಆ ಆದೇಶವನ್ನು ತಡೆಹಿಡಿದು, ತಿರಸ್ಕಾರದಲ್ಲಿ ಯಾವ ಕ್ರಮ ಅನುಸರಿಸಲಾಯಿತೆಂದು ತಿಳಿಸುವಂತೆ ರಾಜ್ಯಗಳಿಗೆ ಸೂಚಿಸಿತು. ಲಕ್ಷಾಂತರ ಕುಟುಂಬಗಳ ಸೂರು ಉಳಿದದ್ದು ಈ ಕ್ರಮದ ಪ್ರಶ್ನೆಯಿಂದ.

ಸಮಿತಿಯೇ ಸಭೆಯ ಸ್ಥಾನದಲ್ಲಿ ನಿಂತರೆ ಏನಾಗುವುದೆಂಬುದಕ್ಕೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯೇ ಉದಾಹರಣೆ. ಪ್ರಧಾನಮಂತ್ರಿಗಳು ಅಧ್ಯಕ್ಷರಾಗಿರುವ ಈ ಮಂಡಳಿಯು 2012ರ ನಂತರ ಪೂರ್ಣವಾಗಿ ಸೇರಿದ್ದು 2025ರ ಮಾರ್ಚಿನಲ್ಲಿ. ನಡುವಿನ ವರ್ಷಗಳಲ್ಲಿ ಯೋಜನೆಗಳನ್ನು ನಿರ್ಣಯಿಸಿದ್ದು ಅದರ ಸ್ಥಾಯಿ ಸಮಿತಿ. ಹೊನ್ನಾವರದ ಗೇರುಸೊಪ್ಪೆಯನ್ನು ಒಳಗೊಂಡ 2000 ಮೆಗಾವಾಟ್ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ 2025ರಲ್ಲಿ ತಾತ್ತ್ವಿಕ ಒಪ್ಪಿಗೆ ನೀಡಿದ್ದೂ ಆ ಸಮಿತಿಯೇ. ಕಾನೂನು ಅಂಥ ಅಧಿಕಾರ ವಹಿಸಲು ಅವಕಾಶ ಕೊಟ್ಟಿದೆ, ನಿಜ. ಆದರೆ ಕಾನೂನುಬದ್ಧವಾದುದೆಲ್ಲ ವಿವೇಕವೆಂದು ಹೇಳಲಾಗದು. ಸಿಂಗಳೀಕದ ಕಾಡಿನ ಭವಿಷ್ಯವು ಕೆಲವೇ ಸದಸ್ಯರ ಮೇಜಿನ ಮೇಲೆ ನಿಂತಾಗ, ಇಡೀ ಮಂಡಳಿಯ ವಿಚಾರಮಂಥನ ಇಲ್ಲವಾಗುತ್ತದೆ.

ದೆಹಲಿಯ ಮಂಡಳಿ ದೂರ, ಗ್ರಾಮಸಭೆ ಹತ್ತಿರ. ಅಲ್ಲಿ ಪ್ರತಿಯೊಬ್ಬ ವಯಸ್ಕನೂ ಸದಸ್ಯ. ಸಮಿತಿಯ ವರದಿಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸಬೇಕು. ಹಾಜರಿ ಎಣಿಸಿ ನಡಾವಳಿಯಲ್ಲಿ ಬರೆಸಬೇಕು. ಠರಾವಿನ ಪ್ರತಿ ಪಡೆದು ಜೋಪಾನ ಮಾಡಬೇಕು. ನಿರ್ಣಯ ವಿರುದ್ಧವಾದರೆ 60 ದಿನಗಳೊಳಗೆ ಮೇಲಿನ ಸಮಿತಿಗೆ ಮನವಿ ಸಲ್ಲಿಸಬೇಕು. ವಿದ್ಯಾವಂತ ಮಕ್ಕಳು ಈ ನಡಾವಳಿಗಳನ್ನು ಓದಿ ಹಿರಿಯರಿಗೆ ತಿಳಿಸಿದರೆ ಅದಕ್ಕಿಂತ ದೊಡ್ಡ ಊರ ಸೇವೆ ಇನ್ನೊಂದಿಲ್ಲ. ಸಭೆಯು ತನ್ನ ಅಧಿಕಾರವನ್ನು ಅರಿತಾಗಲೇ ಸಮಿತಿಯು ತನ್ನ ಮಿತಿಯನ್ನು ಅರಿಯುತ್ತದೆ.